ಫುಕೆಟ್‌ನ ಚೀನೀ ಫಲಕ, ಪರೇಲ್‌ನ ಉದ್ರಿ ಪುಸ್ತಕ

ಮಗಳ ಪರೀಕ್ಷೆ ಮುಗಿದಿತ್ತು. ಮುಂಬೈಯ ಸೆಕೆ ತಡೆಯುವಂತಿರಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಾದ್ದರಿಂದ ವಿಮಾನದ ಟಿಕೆಟ್ಟೂ ಅಗ್ಗವಿತ್ತು. ಹೀಗಾಗಿ ಕಳೆದ ವರ್ಷ, ಅಂದರೆ 2025ರ ಮೇ ತಿಂಗಳಲ್ಲಿ, ನಾವು ಮೂವರು ಥಾಯ್ಲೆಂಡಿನ ಫುಕೆಟ್‌ಗೆ ಹೊರಟೆವು. ನನಗದು ಎರಡನೇ ಸಲ. ಮೊದಲ ಸಲ ಹೋಗಿದ್ದು 2017ರಲ್ಲಿ, ಆಫೀಸಿನವರ ಜೊತೆ.

ಎರಡನೇ ದಿನ ಸಂಜೆ ಪತೋಂಗ್ ಕಡಲತೀರದ ಹತ್ತಿರ ಮಳೆ ಹಿಡಿಯಿತು. ನಮ್ಮ ಕುಂದಾಪುರದ ಕಡೆ ಜೂನ್‌ನಲ್ಲಿ ಬರುವಂಥ, ಮುನ್ಸೂಚನೆಯೇ ಇಲ್ಲದ ಮಳೆ. ಓಡಿ ಒಂದು ಸಣ್ಣ ಅಂಗಡಿಯ ತಾಡಪಾಲಿನಡಿ ನಿಂತೆವು. ದ್ವೀಪಗಳಿಗೆ ದೋಣಿ ಪ್ರಯಾಣದ ಟಿಕೆಟ್ ಮಾರುವ ಕಟ್ಟೆ ಅದು. ಪಕ್ಕದಲ್ಲೇ ಬಟ್ಟೆ ಒಗೆಯುವ ಎರಡು ಯಂತ್ರ, ಮೂಲೆಯಲ್ಲಿ ಎಳನೀರಿನ ರಾಶಿ. ಅರವತ್ತು ದಾಟಿದ ಹೆಂಗಸು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಟ್ಟರು. ಆ ವಯಸ್ಸಿನವರನ್ನು ಅಲ್ಲಿ 'ಪಾ' ಅನ್ನುತ್ತಾರೆ. ನಮ್ಮ ದೊಡ್ಡಮ್ಮ ಇದ್ದ ಹಾಗೆ.

ತಲೆ ಎತ್ತಿದರೆ ಅಂಗಡಿಯ ಫಲಕ ಕಂಡಿತು. ಕೆಂಪು ಬಣ್ಣದ ದೊಡ್ಡ ಚೀನೀ ಅಕ್ಷರಗಳು ಬಿಸಿಲಿಗೆ ಮಾಸಿ ಗುಲಾಬಿಯಾಗಿದ್ದವು. ಅದರ ಅರ್ಧ ಭಾಗ ಮುಚ್ಚುವಂತೆ ಹೊಸ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ನಮ್ಮ ತ್ರಿವರ್ಣ, ಹಿಂದಿಯಲ್ಲಿ 'ಸ್ವಾಗತ', ಇಂಗ್ಲಿಷಿನಲ್ಲಿ 'ವೆಜ್ ಫುಡ್'.

ನಾನು ನೋಡುತ್ತಿರುವುದನ್ನು ಗಮನಿಸಿ ಅವರು ನಕ್ಕರು. ಮೊಮ್ಮಗನಿಂದ ಫೋನ್ ಇಸಿದುಕೊಂಡು ಅದರೊಳಗೆ ಏನೋ ಹೇಳಿದರು. ಫೋನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಓದಿತು: 'ಮೊದಲು ಚೀನಾದವರು ಬರುತ್ತಿದ್ದರು. ಈಗ ಕಡಿಮೆ. ಇಂಡಿಯಾದವರು ಬರುತ್ತಲೇ ಇರುತ್ತಾರಾ?'

ಏನು ಹೇಳಬೇಕೆಂದು ತಿಳಿಯಲಿಲ್ಲ. ಹೆಂಡತಿ 'ಹೂಂ ಅನ್ನಿ' ಎಂದು ಮೊಣಕೈಯಲ್ಲಿ ತಿವಿದಳು. ಹೂಂ ಅಂದೆ. ಆದರೆ ಆ ಪ್ರಶ್ನೆಯನ್ನು ಅದೇ ಧ್ವನಿಯಲ್ಲಿ ಹಿಂದೆ ಒಮ್ಮೆ ಕೇಳಿದ್ದೆ. ಅದು ಎಲ್ಲಿ ಎಂದು ಆಮೇಲೆ ಹೇಳುತ್ತೇನೆ. ಮೊದಲು ಆ ಫಲಕದ ಕತೆ.

ನಾಲ್ವರಲ್ಲಿ ಒಬ್ಬರು

ಫುಕೆಟ್ ದೊಡ್ಡ ಊರೇನಲ್ಲ. ಇಡೀ ದ್ವೀಪ ಬೆಂಗಳೂರು ಮಹಾನಗರಕ್ಕಿಂತ ಚಿಕ್ಕದು. ಅಲ್ಲಿ ನೋಂದಾಯಿತರಾದ ನಿವಾಸಿಗಳು ಸುಮಾರು 4 ಲಕ್ಷ. ಆದರೆ 2019ರಲ್ಲಿ ಅಲ್ಲಿನ ವಿಮಾನ ನಿಲ್ದಾಣವನ್ನು ಬಳಸಿದ ಪ್ರಯಾಣಿಕರು ಸುಮಾರು 1 ಕೋಟಿ 80 ಲಕ್ಷ.

ಈ ಜನಪ್ರವಾಹ ಎಲ್ಲಿಂದ ಬಂತು? 2012ರಲ್ಲಿ ಥಾಯ್ಲೆಂಡಿಗೆ ಬಂದ ಚೀನೀಯರು ಇಪ್ಪತ್ತೆಂಟು ಲಕ್ಷದ ಆಸುಪಾಸು. ಆ ವರ್ಷದ ಕೊನೆಗೆ ಚೀನಾದಲ್ಲಿ 'ಲಾಸ್ಟ್ ಇನ್ ಥಾಯ್ಲೆಂಡ್' ಎಂಬ ಹಾಸ್ಯ ಚಿತ್ರ ತೆರೆಕಂಡು ಗಲ್ಲಾಪೆಟ್ಟಿಗೆ ದಾಖಲೆ ಮುರಿಯಿತು. ಚಿತ್ರೀಕರಣ ನಡೆದ ಚಿಯಾಂಗ್ ಮಾಯ್ ಊರಿಗೆ ಚೀನೀ ಯುವಜನ ಮುಗಿಬಿದ್ದರು. ಸಿನಿಮಾ ಒಂದು ನೆಪ. ನಿಜವಾದ ಕಾರಣ ಚೀನಾದ ಮಧ್ಯಮ ವರ್ಗದ ಕೈಯಲ್ಲಿ ಸೇರಿದ ದುಡ್ಡು, ಹೊಸ ಪಾಸ್‌ಪೋರ್ಟು, ಅಲ್ಲಿನ ಎರಡನೇ ಸಾಲಿನ ನಗರಗಳಿಂದಲೂ ಹಾರತೊಡಗಿದ ನೇರ ವಿಮಾನಗಳು. ಏಳೇ ವರ್ಷದಲ್ಲಿ, 2019ರ ಹೊತ್ತಿಗೆ, ಆ ಸಂಖ್ಯೆ 1 ಕೋಟಿ 10 ಲಕ್ಷ ಮುಟ್ಟಿತು. ಆ ವರ್ಷ ಥಾಯ್ಲೆಂಡಿಗೆ ಬಂದ ವಿದೇಶಿಯರು ಒಟ್ಟು 3 ಕೋಟಿ 98 ಲಕ್ಷ. ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಚೀನೀಯರು.

ಹಾಗೆಂದು ಫುಕೆಟ್‌ಗೆ ಚೀನೀಯರು ಹೊಸಬರಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ತವರದ ಗಣಿಗಳಲ್ಲಿ ದುಡಿಯಲು ದಕ್ಷಿಣ ಚೀನಾದ ಹೊಕ್ಕಿಯೆನ್ ಜನ ದೊಡ್ಡ ಸಂಖ್ಯೆಯಲ್ಲಿ ಬಂದರು. ಇಲ್ಲಿಯವರನ್ನೇ ಮದುವೆಯಾಗಿ ಊರಿನವರಾದರು. ಹಳೇ ಪೇಟೆಯ ಥಲಾಂಗ್ ರಸ್ತೆಯ ಎರಡಂತಸ್ತಿನ ಬಣ್ಣದ ಮನೆ-ಮಳಿಗೆಗಳು ಅವರ ಕಾಲದ ಗುರುತು. ಕತು ಎಂಬ ಗಣಿ ಊರಿನಲ್ಲಿ ಅವರು ಆರಂಭಿಸಿದ ಸಸ್ಯಾಹಾರ ಉತ್ಸವ ಈಗಲೂ ಪ್ರತಿ ವರ್ಷ ಒಂಬತ್ತು ದಿನ ನಡೆಯುತ್ತದೆ. ಆಗ ಮಾಂಸವಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ಇದನ್ನು ಕೇಳಿ ನನ್ನ ಹೆಂಡತಿ, 'ಹಾಗಾದ್ರೆ ಚಾತುರ್ಮಾಸ್ಯದಲ್ಲಿ ಅಮ್ಮನನ್ನೂ ಕರ್ಕೊಂಡು ಬರಬಹುದಿತ್ತು' ಎಂದಳು.

ಇದನ್ನೇಕೆ ಹೇಳಿದೆನೆಂದರೆ, ಚೀನೀಯರನ್ನು ಕಂಡರೆ ಆಗದ ಊರಲ್ಲ ಅದು. ಬೇರೆ ರೀತಿಯ ತೊಂದರೆ ಅಲ್ಲಿ ಆಯಿತು.

ಸಾಲು ಮುರಿಯುವವರು

2017ರಲ್ಲಿ ನಾನು ಹೋದಾಗ ನಮ್ಮ ಹೋಟೆಲಿನ ಬೆಳಗಿನ ತಿಂಡಿಯ ಸಭಾಂಗಣ ಥೇಟ್ ದಾದರ್ ಸ್ಟೇಷನ್ನು. ಬಾವುಟ ಹಿಡಿದ ಗೈಡಿನ ಹಿಂದೆ ನಲವತ್ತು ಜನ. ಒಬ್ಬೊಬ್ಬರ ತಟ್ಟೆಯಲ್ಲೂ ಗುಡ್ಡದಷ್ಟು ಕಲ್ಲಂಗಡಿ. ನಮ್ಮ ಸಹೋದ್ಯೋಗಿಯೊಬ್ಬರು ಮೂಗು ಮುರಿದು, 'ಈ ಚೀನೀಯರಿಗೆ ನಾಗರಿಕತೆ ಇಲ್ಲ' ಎಂದರು. ಅದನ್ನು ಹೇಳುವಾಗ ಅವರ ಬ್ಯಾಗಿನೊಳಗೆ ಟಿಶ್ಯೂನಲ್ಲಿ ಸುತ್ತಿದ ನಾಲ್ಕು ಬನ್ನು, ಎರಡು ಬಾಳೆಹಣ್ಣು ಇದ್ದುದನ್ನು ನಾನೇ ನೋಡಿದ್ದೆ.

ದೂರುಗಳು ಸುಳ್ಳೇನಲ್ಲ. 2015ರ ಫೆಬ್ರುವರಿಯಲ್ಲಿ ಚಿಯಾಂಗ್ ರಾಯ್‌ನ ಪ್ರಸಿದ್ಧ ಬಿಳಿ ದೇವಾಲಯದಲ್ಲಿ ಶೌಚಾಲಯ ಹೊಲಸು ಮಾಡಿದರೆಂದು ಚೀನೀ ಪ್ರವಾಸಿಗರನ್ನು ಕೆಲ ಗಂಟೆ ಒಳಗೇ ಬಿಟ್ಟಿರಲಿಲ್ಲ. ಅದಕ್ಕೂ ಮೊದಲೇ, 2013ರಲ್ಲಿ, ಚೀನಾದ ಪ್ರವಾಸೋದ್ಯಮ ಇಲಾಖೆ ವಿದೇಶದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ತನ್ನ ಜನರಿಗೆ ಕೈಪಿಡಿ ಅಚ್ಚು ಹಾಕಿಸಿ ಹಂಚಿತ್ತು.

ಆದರೆ ಜೀವನದಲ್ಲಿ ಮೊದಲ ಬಾರಿ ವಿಮಾನ ಹತ್ತಿದ ರೈತ, ಕಾರ್ಖಾನೆ ನೌಕರ, ನಿವೃತ್ತ ಶಿಕ್ಷಕಿ ಗುಂಪಾಗಿ ಹೊರಟಾಗ ಎಲ್ಲ ದೇಶದಲ್ಲೂ ಹೀಗೆಯೇ ಇರುತ್ತದೆ. ಮೊದಲ ಬಾರಿ ಮುಂಬೈಗೆ ಬಸ್ಸಿನಲ್ಲಿ ಬಂದಿಳಿದಾಗ ನಾನೂ ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಬೈಸಿಕೊಂಡವನೇ. ಈಗ 2025ರಲ್ಲಿ, ಅದೇ ಪತೋಂಗ್‌ನಲ್ಲಿ, ಟ್ಯಾಕ್ಸಿಯವನೊಬ್ಬ ನಮ್ಮನ್ನು ಮಲೇಷ್ಯಾದವರೆಂದು ತಿಳಿದು ಹೇಳಿದ್ದು: 'ಇಂಡಿಯಾದವರು ಗಲಾಟೆ ಜಾಸ್ತಿ, ಚೌಕಾಸಿ ಜಾಸ್ತಿ.' ಮಗಳು ನನ್ನ ಮುಖ ನೋಡಿದಳು. ನಾನು ಕಿಟಕಿಯಾಚೆ ಸಮುದ್ರ ನೋಡಿದೆ.

ನಡತೆಯ ದೂರು ಕಾಲಕ್ರಮೇಣ ತಾನಾಗಿ ಕರಗುತ್ತದೆ. ದುಡ್ಡಿನ ದಾರಿ ಹಾಗಲ್ಲ. ವೃತ್ತಿಯಲ್ಲಿ ಲೆಕ್ಕಿಗನಾದ್ದರಿಂದ ನನ್ನ ಕಣ್ಣು ಅಲ್ಲಿಗೇ ಹೋಯಿತು.

ಸೊನ್ನೆ ರೂಪಾಯಿಯ ಪ್ರವಾಸ

ಆ ವರ್ಷಗಳಲ್ಲಿ ಥಾಯ್ಲೆಂಡಿನಲ್ಲಿ ಎಲ್ಲರ ಬಾಯಲ್ಲಿದ್ದ ಮಾತು 'ಝೀರೋ ಡಾಲರ್ ಟೂರ್'. ಅದು ನಡೆಯುವುದು ಹೀಗೆ. ಚೀನಾದ ಏಜೆಂಟ್ ಒಬ್ಬ ವಿಮಾನ, ಹೋಟೆಲ್, ಊಟ ಎಲ್ಲ ಸೇರಿ ಅಸಲಿಗಿಂತ ಕಡಿಮೆ ದರಕ್ಕೆ ಪ್ರವಾಸ ಮಾರುತ್ತಾನೆ. ಥಾಯ್ಲೆಂಡಿನಲ್ಲಿ ಗುಂಪನ್ನು ನೋಡಿಕೊಳ್ಳುವ ಕಂಪನಿಗೆ ಅವನಿಂದ ಹಣ ಸಿಗುವುದಿಲ್ಲ. ಎಷ್ಟೋ ಸಲ ಆ ಕಂಪನಿಯೇ ತಲೆಗಿಷ್ಟು ಎಂದು ಕೊಟ್ಟು ಗುಂಪನ್ನು 'ಖರೀದಿ' ಮಾಡುತ್ತದೆ. ಹಾಗಾದರೆ ಲಾಭ ಎಲ್ಲಿಂದ? ದಾರಿಯಲ್ಲಿನ ಅಂಗಡಿಗಳಿಂದ. ಹರಳಿನ ಮಳಿಗೆ, ಲೇಟೆಕ್ಸ್ ದಿಂಬು-ಹಾಸಿಗೆಯ ಮಳಿಗೆ, ಚರ್ಮದ ಚೀಲದ ಮಳಿಗೆ, ಹಾವಿನ ಎಣ್ಣೆಯ ಮಳಿಗೆ. ಬಸ್ಸು ಅಲ್ಲಿ ನಿಂತರೆ ಗಂಟೆಗಟ್ಟಲೆ ಹೊರಡುವುದಿಲ್ಲ. ಬೆಲೆ ಮೂರು ಪಟ್ಟು. ಕೊಂಡದ್ದರಲ್ಲಿ ದೊಡ್ಡ ಪಾಲು ಕಮಿಷನ್.

ಬಸ್ಸು, ಹೋಟೆಲ್, ರೆಸ್ಟೋರೆಂಟ್, ಮಳಿಗೆ ಎಲ್ಲ ಒಂದೇ ಬಳಗದ ಕೈಯಲ್ಲಿದ್ದರೆ ಪ್ರವಾಸಿಗನ ದುಡ್ಡು ಆ ವೃತ್ತದಿಂದ ಹೊರಬೀಳುವುದೇ ಇಲ್ಲ. ಥಾಯ್ ಕಾನೂನಿನ ಪ್ರಕಾರ ವಿದೇಶಿಯರು ಇಂಥ ಕಂಪನಿಯಲ್ಲಿ ಶೇ 49ಕ್ಕಿಂತ ಹೆಚ್ಚು ಪಾಲು ಹೊಂದುವಂತಿಲ್ಲ. ಹಾಗಾಗಿ ಕಾಗದದ ಮೇಲೆ ಸ್ಥಳೀಯನೊಬ್ಬ ಒಡೆಯ, ಹಿಂದೆ ನಿಜವಾದ ಯಜಮಾನ ಬೇರೆ. ಪ್ರವಾಸಿ ಗೈಡಿನ ಕೆಲಸ ಥಾಯ್ ಪ್ರಜೆಗಳಿಗೆ ಮಾತ್ರ ಮೀಸಲು. ಆದರೆ ಎಷ್ಟೋ ಬಸ್ಸುಗಳಲ್ಲಿ ಸ್ಥಳೀಯ ಗೈಡು ಸುಮ್ಮನೆ ಕುಳಿತಿರುತ್ತಿದ್ದ, ಮಾತಾಡುತ್ತಿದ್ದವನು ಚೀನಾದಿಂದಲೇ ಬಂದವನು. ಹಣ ಪಾವತಿಯೂ ಚೀನೀ ಮೊಬೈಲ್ ಆ್ಯಪ್‌ಗಳ ಮೂಲಕವೇ ಆಗತೊಡಗಿದಾಗ, ಖರ್ಚಾಗಿದ್ದು ಫುಕೆಟ್‌ನಲ್ಲೋ ಚೀನಾದಲ್ಲೋ ಎಂದು ತೆರಿಗೆ ಇಲಾಖೆಯೂ ತಲೆ ಕೆರೆದುಕೊಳ್ಳುವಂತಾಯಿತು.

ಹೀಗೆ ಊರಿಗೆ ಉಳಿಯುವುದು ಏನು? ರಸ್ತೆಯ ದಟ್ಟಣೆ, ಕಸ, ನೀರಿನ ಕೊರತೆ. ಪಾ ಅವರಂಥ ಕಟ್ಟೆಯ ವ್ಯಾಪಾರಿಗಳು ಕಿಟಕಿ ಮುಚ್ಚಿದ ಎ.ಸಿ. ಬಸ್ಸು ಹಾದುಹೋಗುವುದನ್ನು ನೋಡುತ್ತ ನಿಲ್ಲಬೇಕು. ಒಂಟಿಯಾಗಿ, ಗೆಳೆಯರೊಂದಿಗೆ, ಕೈಯಲ್ಲಿ ಫೋನು ಹಿಡಿದು ಬರುವ ಚೀನೀ ಯುವಕ ಯುವತಿಯರೇ ಅವರ ನಿಜವಾದ ಗಿರಾಕಿಗಳು. ಆ ಕೆಂಪು ಫಲಕ ಬರೆಸಿದ್ದು ಅವರಿಗಾಗಿ.

ಚೀನಾ 2013ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಪ್ರವಾಸೋದ್ಯಮ ಕಾನೂನಿನಲ್ಲಿ ಇಂಥ ಬಲವಂತದ ಖರೀದಿಯನ್ನು ನಿಷೇಧಿಸಿತ್ತು. ಥಾಯ್ ಸರ್ಕಾರ 2016ರಲ್ಲಿ ದಾಳಿ ನಡೆಸಿ ಎರಡು ಸಾವಿರಕ್ಕೂ ಹೆಚ್ಚು ಬಸ್ಸುಗಳನ್ನು ವಶಪಡಿಸಿಕೊಂಡಿತು. ಒಂದಷ್ಟು ದಿನ ಗುಂಪುಗಳು ಕಡಿಮೆಯಾದವು. ಆಮೇಲೆ ಬೇರೆ ಹೆಸರಿನಲ್ಲಿ ಬಂದವು.

ಕುಂದಾಪುರದವನಿಗೆ ಗೇರುಬೀಜ

ಇದನ್ನೆಲ್ಲ ಓದಿ ತಿಳಿದದ್ದು ಎಷ್ಟೋ ವರ್ಷಗಳ ನಂತರ. ತಿಳಿದ ದಿನ ನನಗೆ ನಗುವೂ ಬಂತು, ನಾಚಿಕೆಯೂ ಆಯಿತು.

2017ರ ನಮ್ಮ ಆಫೀಸಿನ ಪ್ರವಾಸ 'ನಂಬಲಾಗದಷ್ಟು ಅಗ್ಗ' ಎಂದು ಎಲ್ಲರೂ ಕುಣಿದಿದ್ದೆವು. 'ಅರ್ಧ ದಿನದ ನಗರ ದರ್ಶನ, ಉಚಿತ' ಎಂದು ಕಾರ್ಯಕ್ರಮ ಪಟ್ಟಿಯಲ್ಲಿತ್ತು. ವ್ಯಾನು ನಮ್ಮನ್ನು ಕರೆದೊಯ್ದದ್ದು ಮೊದಲು ಹರಳಿನ ಮಳಿಗೆಗೆ, ನಂತರ ಲೇಟೆಕ್ಸ್ ದಿಂಬಿನ ಮಳಿಗೆಗೆ, ಕೊನೆಗೆ ಗೇರುಬೀಜದ ಕಾರ್ಖಾನೆಗೆ. ನಾನು ಗೇರು ತೋಪಿನ ಊರಿನವನು. ಬೇಸಗೆ ರಜೆಯಲ್ಲಿ ಗೇರುಹಣ್ಣಿನ ಕಲೆ ಅಂಗಿಗೆ ಹಿಡಿಸಿಕೊಂಡು ಅಮ್ಮನಿಂದ ಏಟು ತಿಂದವನು. ಅಂಥವನಿಗೆ ಗೇರುಬೀಜ ಒಡೆಯುವುದು ಹೇಗೆಂದು ಅಲ್ಲೊಬ್ಬ ಹುಡುಗಿ ಕಷ್ಟಪಟ್ಟು ತೋರಿಸಿಕೊಟ್ಟಳು. ಸಂಕೋಚಕ್ಕೆ ಬಿದ್ದು ಎರಡು ಡಬ್ಬಿ ಕೊಂಡೆ. ಊರಿನ ಬೆಲೆಯ ದುಪ್ಪಟ್ಟಿಗಿಂತ ಹೆಚ್ಚು ಕೊಟ್ಟಿದ್ದೆ. ಅಮ್ಮನಿಗೆ ಕಳಿಸಿದಾಗ, 'ಇದೆಂತ, ಸಪ್ಪೆ' ಎಂದು ಫೋನಿನಲ್ಲಿ ಹೇಳಿದ್ದರು.

ಅಂದರೆ ಸೊನ್ನೆ ರೂಪಾಯಿಯ ಪ್ರವಾಸ ಚೀನೀಯರ ರೋಗವೆಂದು ನಾವು ನಗುತ್ತಿದ್ದಾಗ ನಾವೂ ಅದೇ ಬಸ್ಸಿನಲ್ಲಿ ಕುಳಿತಿದ್ದೆವು. ನನ್ನ ಪ್ರವಾಸದ ಖರ್ಚಿನ ಒಂದು ಭಾಗವನ್ನು ಭರಿಸಿದ್ದು ನನ್ನ ಜೊತೆಗಿದ್ದವರು ಕೊಂಡ ಹರಳಿನ ಉಂಗುರಗಳು.

ಸಮುದ್ರ ಕೇಳಿದ ಲೆಕ್ಕ

ಅಗ್ಗಕ್ಕೂ ಒಂದು ಬೆಲೆ ಇರುತ್ತದೆ. 2018ರ ಜುಲೈ 5ರ ಸಂಜೆ ಫುಕೆಟ್ ಬಳಿಯ ಕಡಲಿನಲ್ಲಿ 'ಫೀನಿಕ್ಸ್' ಎಂಬ ಪ್ರವಾಸಿ ದೋಣಿ ಎತ್ತರದ ಅಲೆಗಳಿಗೆ ಸಿಕ್ಕಿ ಮುಳುಗಿತು. ಸತ್ತವರು 47 ಮಂದಿ, ಎಲ್ಲರೂ ಚೀನೀ ಪ್ರವಾಸಿಗರು. ಮಕ್ಕಳೂ ಇದ್ದರು. ಹವಾಮಾನದ ಎಚ್ಚರಿಕೆ ಮೊದಲೇ ಇತ್ತು. ದೋಣಿಯ ನಿಜವಾದ ಒಡೆತನ ಯಾರದು ಎಂಬ ಪ್ರಶ್ನೆಯೂ ಎದ್ದಿತು. ಆಗಿನ ಉಪಪ್ರಧಾನಿ ಪ್ರವಿತ್ ವೊಂಗ್‌ಸುವಾನ್, ಇದು ಚೀನೀಯರು ಚೀನೀಯರಿಗೇ ಮಾಡಿದ್ದು ಎಂಬರ್ಥದ ಮಾತಾಡಿದರು. ಚೀನಾದಲ್ಲಿ ಸಿಟ್ಟು ಹೊತ್ತಿಕೊಂಡ ಮೇಲೆ ಕ್ಷಮೆ ಕೇಳಿದರು. ಆದರೆ ಹೆಣಗಳನ್ನು ದಡಕ್ಕೆ ತರಲು ಇಳಿದವರಲ್ಲಿ ಫುಕೆಟ್‌ನ ಬಡ ಮೀನುಗಾರರೂ ಇದ್ದರು. ಅವರಿಗೆ ಒಡೆತನದ ಲೆಕ್ಕ ಬೇಕಿರಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಚೀನೀಯರ ಸಂಖ್ಯೆ ಕುಸಿಯಿತು. ಗಾಬರಿಗೊಂಡ ಸರ್ಕಾರ 2018ರ ನವೆಂಬರ್ 15ರಿಂದ ಇಪ್ಪತ್ತೊಂದು ಕಡೆಯವರಿಗೆ ವಿಮಾನ ನಿಲ್ದಾಣದಲ್ಲಿ ಪಡೆಯುವ ವೀಸಾದ 2,000 ಬಾತ್ ಶುಲ್ಕ ಮನ್ನಾ ಮಾಡಿತು. ಆ ಪಟ್ಟಿಯಲ್ಲಿ ಚೀನಾ ಇತ್ತು, ಭಾರತವೂ ಇತ್ತು. 'ವೀಸಾ ಫ್ರೀ' ಎಂದು ಆ ವರ್ಷ ನಮ್ಮ ಕುಟುಂಬಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದ ಸಂದೇಶದ ಹಿಂದೆ ಆ ದೋಣಿಯ ನೆರಳಿತ್ತು.

ಅದೇ 2018ರ ಜೂನ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ಫುಕೆಟ್‌ನಿಂದ ದೋಣಿಯಲ್ಲಿ ಹೋಗುವ ಮಾಯಾ ಬೇ ಕೊಲ್ಲಿಯನ್ನು ಸರ್ಕಾರ ಮುಚ್ಚಿತು. ಲಿಯೊನಾರ್ಡೊ ಡಿಕಾಪ್ರಿಯೊ ನಟಿಸಿದ 'ದಿ ಬೀಚ್' ಸಿನಿಮಾದಿಂದ ಹೆಸರಾದ ಪುಟ್ಟ ಜಾಗ ಅದು. ದಿನಕ್ಕೆ ಸಾವಿರಾರು ಜನ, ದೋಣಿಗಳ ಲಂಗರು ಬಿದ್ದು ಹವಳ ನುಚ್ಚುನೂರು. ಅಲ್ಲಿಗೆ ಹೋದವರಲ್ಲಿ ಎಲ್ಲ ದೇಶದವರೂ ಇದ್ದರು, ನಾನೂ ಇದ್ದೆ. 2022ರ ಜನವರಿಯಲ್ಲಿ ಮತ್ತೆ ತೆರೆದಾಗ ನಿಯಮಗಳು ಬದಲಾಗಿದ್ದವು. ದೋಣಿ ಕೊಲ್ಲಿಯೊಳಗೆ ಬರುವಂತಿಲ್ಲ, ಹಿಂಬದಿಯಲ್ಲಿ ಇಳಿದು ನಡೆಯಬೇಕು. ಒಂದು ಹೊತ್ತಿಗೆ ಇಂತಿಷ್ಟೇ ಜನ. ಈಜು ನಿಷಿದ್ಧ. ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಬಾಗಿಲು ಬಂದ್. ಮುಚ್ಚಿದ್ದ ವರ್ಷಗಳಲ್ಲಿ ಹವಳ ನೆಟ್ಟರು, ಕಪ್ಪು ರೆಕ್ಕೆತುದಿಯ ಶಾರ್ಕ್ ಮರಿಗಳು ದಡದವರೆಗೆ ಮರಳಿ ಬಂದವು. ಬೇಡ ಅನ್ನುವ ಧೈರ್ಯ ಮಾಡಿದ್ದರಿಂದ ಒಂದು ಜಾಗ ಉಳಿಯಿತು.

ನಲ್ಲಿಯ ತಿರುಗಣೆ ಯಾರ ಕೈಯಲ್ಲಿ?

ಒಂದೇ ದೇಶದ ಪ್ರವಾಸಿಗರನ್ನು ನೆಚ್ಚಿದರೆ ಏನಾಗುತ್ತದೆ ಎನ್ನುವುದಕ್ಕೆ ಥಾಯ್ಲೆಂಡ್ ಒಂದೇ ಉದಾಹರಣೆಯಲ್ಲ. ಕ್ಷಿಪಣಿ ತಡೆ ವ್ಯವಸ್ಥೆಯ ಜಗಳದಲ್ಲಿ 2017ರ ಮಾರ್ಚ್‌ನಲ್ಲಿ ಚೀನಾ ತನ್ನ ಗುಂಪು ಪ್ರವಾಸಗಳನ್ನು ದಕ್ಷಿಣ ಕೊರಿಯಾಕ್ಕೆ ಹೋಗದಂತೆ ತಡೆಯಿತು. ಹಿಂದಿನ ವರ್ಷ 80 ಲಕ್ಷವಿದ್ದ ಚೀನೀ ಪ್ರವಾಸಿಗರು ಆ ವರ್ಷ ಸುಮಾರು 42 ಲಕ್ಷಕ್ಕೆ ಇಳಿದರು. ಜೇಜು ದ್ವೀಪದ ಅಂಗಡಿ ಬೀದಿಗಳು ಬಿಕೋ ಎಂದವು. ಅದೇ ವರ್ಷದ ಕೊನೆಗೆ ತೈವಾನ್ ಜೊತೆ ಸಂಬಂಧವಿಟ್ಟುಕೊಂಡ ಪಲಾವ್ ಎಂಬ ಪುಟ್ಟ ದ್ವೀಪ ದೇಶಕ್ಕೂ ಹೀಗೆಯೇ ಆಯಿತು. ನೀರು ನಮ್ಮ ಮನೆಯ ಕೊಡಕ್ಕೆ ಬೀಳುತ್ತಿದ್ದರೂ ನಲ್ಲಿಯ ತಿರುಗಣೆ ಬೇರೆಯವರ ಅಂಗಳದಲ್ಲಿತ್ತು.

ಥಾಯ್ಲೆಂಡಿನಲ್ಲಿ ತಿರುಗಣೆ ತಿರುಗಿದ್ದು ಮೊದಲು ಕೋವಿಡ್‌ನಿಂದ. ಫುಕೆಟ್ 2021ರ ಜುಲೈ 1ರಂದು 'ಸ್ಯಾಂಡ್‌ಬಾಕ್ಸ್' ಎಂಬ ಯೋಜನೆಯಡಿ ಲಸಿಕೆ ಪಡೆದವರಿಗೆ ಬಾಗಿಲು ತೆರೆದರೂ ಚೀನಾ ತನ್ನ ಬಾಗಿಲು ತೆರೆದದ್ದು 2023ರ ಜನವರಿಯಲ್ಲಿ. ಚೀನೀಯರಿಗೆ ವೀಸಾ ಬೇಡವೆಂದು ಥಾಯ್ ಸರ್ಕಾರ ಘೋಷಿಸಿ, 2024ರ ಮಾರ್ಚ್‌ನಿಂದ ಅದನ್ನು ಎರಡೂ ದೇಶ ಕಾಯಂ ಮಾಡಿದವು. ಆ ವರ್ಷ 67 ಲಕ್ಷ ಚೀನೀಯರು ಬಂದರು. ಇನ್ನೇನು ಹಳೆಯ ದಿನಗಳು ಬಂದವು ಅನ್ನುವಷ್ಟರಲ್ಲಿ, 2025ರ ಜನವರಿ ಮೊದಲ ವಾರ, ವಾಂಗ್ ಶಿಂಗ್ ಎಂಬ ಚೀನೀ ನಟನನ್ನು ಸಿನಿಮಾ ಕೆಲಸದ ಆಮಿಷವೊಡ್ಡಿ ಥಾಯ್ಲೆಂಡಿಗೆ ಕರೆಸಿ, ಗಡಿಯಾಚೆ ಮ್ಯಾನ್ಮಾರ್‌ನ ಸೈಬರ್ ವಂಚಕರ ಅಡ್ಡೆಗೆ ಸಾಗಿಸಿದರು. ಕೆಲವೇ ದಿನದಲ್ಲಿ ಆತ ತಲೆ ಬೋಳಿಸಿದ ಸ್ಥಿತಿಯಲ್ಲಿ ಪಾರಾಗಿ ಬಂದ. ಆದರೆ ಆ ಫೋಟೊ ಚೀನಾದ ಮನೆಮನೆಯ ಫೋನಿನಲ್ಲಿ ಓಡಾಡಿತು. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಬಂದ ಚೀನೀಯರು ಸುಮಾರು 45 ಲಕ್ಷ. ಮಲೇಷ್ಯಾ ಮೊದಲ ಸ್ಥಾನಕ್ಕೇರಿತು.

ಫುಕೆಟ್‌ನಿಂದ ಆ ಗಡಿ ನೂರಾರು ಕಿಲೋಮೀಟರ್ ದೂರ. ಪಾ ಅವರು ಆ ನಟನ ಹೆಸರನ್ನೂ ಕೇಳಿರಲಾರರು. ಆದರೆ ಅವರ ಬಟ್ಟೆ ಒಗೆಯುವ ಯಂತ್ರ ಖಾಲಿ ಕೂತಿತ್ತು.

ಈ ನಡುವೆ ಭಾರತೀಯರ ಸಂಖ್ಯೆ ಏರುತ್ತ ಹೋಯಿತು. 2024ರಲ್ಲಿ 21 ಲಕ್ಷ, 2025ರಲ್ಲಿ ಸುಮಾರು 25 ಲಕ್ಷ. 2023ರ ನವೆಂಬರ್‌ನಿಂದ ನಮಗೂ ವೀಸಾ ಬೇಡವೆಂದರು. ಪಾ ಅವರು ಹೊಸ ಫ್ಲೆಕ್ಸ್ ಬರೆಸಿದ್ದು ಸುಮ್ಮನೆ ಅಲ್ಲ.

ಮಾವನ ಉದ್ರಿ ಪುಸ್ತಕ

ಈಗ ಆ ಪ್ರಶ್ನೆಯನ್ನು ಮೊದಲು ಕೇಳಿದ್ದೆಲ್ಲಿ ಎಂದು ಹೇಳುತ್ತೇನೆ.

1986ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಮುಂಬೈಗೆ ಬಂದು ಇಳಿದದ್ದು ಪರೇಲ್‌ನಲ್ಲಿದ್ದ ಸೋದರಮಾವನ ಹೋಟೆಲಿಗೆ. ಎದುರೇ ಬಟ್ಟೆ ಮಿಲ್ಲಿನ ಗೇಟು. ಹಗಲು ಗಲ್ಲಾದ ಹತ್ತಿರ ಕೆಲಸ, ಸಂಜೆ ಕಾಲೇಜು. ನಾನು ಬರುವಷ್ಟರಲ್ಲಿ ಹೋಟೆಲು ಅರೆಜೀವವಾಗಿತ್ತು. ಅದರ ವೈಭವದ ಕಾಲ ನಾನು ನೋಡಿದವನಲ್ಲ, ಕೇಳಿದವನು. ಮಿಲ್ಲು ಮೂರು ಪಾಳಿ ನಡೆಯುತ್ತಿತ್ತು. ಭೋಂಗಾ ಕೂಗುವ ಮೊದಲೇ ಉಸಳ್, ಪಾವ್, ಚಹಾ ಸಿದ್ಧ. ಕಾರ್ಮಿಕರ ಖಾರಕ್ಕೆ ತಕ್ಕಂತೆ ಮಾವ ಸಾಂಬಾರಿನ ರುಚಿಯನ್ನೇ ಬದಲಿಸಿದ್ದರು. ಅವರ ಪಗಾರದ ದಿನಕ್ಕೆ ತಕ್ಕಂತೆ ಉದ್ರಿ. ರಜೆ ಕೂಡ ಮಿಲ್ಲಿನ ರಜೆಯೇ. ಬೀದಿಯಾಚೆಯ ಗುಮಾಸ್ತರು, ಶಾಲಾ ಮಾಸ್ತರರು ಮೊದಮೊದಲು ಬರುತ್ತಿದ್ದರಂತೆ. ಪಾಳಿಯ ಗದ್ದಲದಲ್ಲಿ ಜಾಗ ಸಿಗದೆ ಬರುವುದನ್ನೇ ಬಿಟ್ಟರು. ಮಾವ ತಲೆ ಕೆಡಿಸಿಕೊಳ್ಳಲಿಲ್ಲ.

1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಮಿಲ್ ಮುಷ್ಕರ ಶುರುವಾಯಿತು. ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ವಾರದ ಮಾತು ಎಂದುಕೊಂಡಿದ್ದು ತಿಂಗಳಾಯಿತು, ವರ್ಷವಾಯಿತು. ಮಾವ ಉದ್ರಿ ಕೊಡುತ್ತಲೇ ಹೋದರು. ಅಷ್ಟು ವರ್ಷ ಅನ್ನ ಕೊಟ್ಟವರಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಆಮೇಲೆ ಒಬ್ಬೊಬ್ಬರೇ ಸಾತಾರಾ, ರತ್ನಾಗಿರಿ ಎಂದು ಊರಿಗೆ ಮರಳಿದರು. ಉದ್ರಿ ಪುಸ್ತಕ ಮಾವನ ಬಳಿ ಉಳಿಯಿತು. ಕೆಂಪು ಬಟ್ಟೆಯ ರಟ್ಟಿನ ಆ ಪುಸ್ತಕವನ್ನು ನಾನು ಪುಟ ಪುಟ ನೋಡಿದ್ದೇನೆ. ಹೆಸರು, ಖಾತೆಯ ಹೆಸರು, ಮೊತ್ತ. ಯಾವುದಕ್ಕೂ ಅಡ್ಡಗೆರೆ ಎಳೆದಿರಲಿಲ್ಲ.

ಮಧ್ಯಾಹ್ನ ಹೊತ್ತು ಗಿರಾಕಿ ಇಲ್ಲದಾಗ ಮಾವ ಮಿಲ್ಲಿನ ಗೇಟು ನೋಡುತ್ತ ಕೂರುತ್ತಿದ್ದರು. ಬೀಡಾ ಅಂಗಡಿಯವನನ್ನು ಕೇಳುತ್ತಿದ್ದರು, 'ಮತ್ತೆ ಬರುತ್ತಾರಾ?' ಅದೇ ಧ್ವನಿ. ಪತೋಂಗ್‌ನ ಮಳೆಯಲ್ಲಿ ಫೋನು ತರ್ಜುಮೆ ಮಾಡಿದ್ದು ಅದನ್ನೇ.

1991ರಲ್ಲಿ ಹೋಟೆಲು ಮಾರಿ ಮಾವ ಡೊಂಬಿವಲಿಗೆ ಹೋದರು. ಸ್ಟೇಷನ್ ಹತ್ತಿರ ಸಣ್ಣ ಇಡ್ಲಿ ಅಂಗಡಿ ಇಟ್ಟರು. ಅಲ್ಲಿ ಶಾಲೆಯ ಮಕ್ಕಳು, ರೈಲಿಗೆ ಓಡುವವರು, ತರಕಾರಿಯವರು, ಎಲ್ಲರೂ ಬರುತ್ತಿದ್ದರು. ಲಾಭ ಮೊದಲಿನ ಕಾಲಂಶವೂ ಇರಲಿಲ್ಲ. 'ಒಬ್ಬನ್ನೇ ನಂಬ್ಕಂಡ್ ಒಲಿ ಹೊತ್ಸುಕಾಗ ಮಾಣಿ' ಎಂದು ಒಮ್ಮೆ ಹೇಳಿದ್ದರು. ಆಗ ನನಗದು ವ್ಯಾಪಾರದ ಮಾತು ಅನ್ನಿಸಿತ್ತು. ಮಾವನಿಗೆ ದುಡ್ಡು ಹೋದದ್ದಕ್ಕಿಂತ ತನ್ನ ಊಟದ ರುಚಿ, ತನ್ನ ರಜೆ, ತನ್ನ ಹಳೆಯ ಗಿರಾಕಿಗಳನ್ನು ತಾನೇ ಕಳೆದುಕೊಂಡದ್ದು ನೋಯಿಸಿತ್ತು ಎಂದು ಈಗ ಅರ್ಥವಾಗುತ್ತದೆ.

ನಮ್ಮ ಸರದಿ

ಕಾರ್ಮಿಕರ ಮೇಲೆ ಮಾವನಿಗೆ ಎಂದೂ ಸಿಟ್ಟಿರಲಿಲ್ಲ. ಹಾಗೆಯೇ ಫುಕೆಟ್‌ಗೆ ಆದದ್ದಕ್ಕೆ ಚೀನೀ ಪ್ರವಾಸಿಗರನ್ನು ದೂರಿ ಪ್ರಯೋಜನವಿಲ್ಲ. ವರ್ಷವಿಡೀ ದುಡಿದು ನಾಲ್ಕು ದಿನ ಸಮುದ್ರ ನೋಡಲು ಬಂದವರು ಅವರು. ಅವರ ಅಗ್ಗದ ಆಸೆಯನ್ನು ವ್ಯಾಪಾರ ಮಾಡಿಕೊಂಡವರು ಬೇರೆ. ಸಂಖ್ಯೆಯನ್ನೇ ಯಶಸ್ಸೆಂದು ಎಣಿಸಿದ ಸರ್ಕಾರಗಳು ಬೇರೆ.

ಇದು ನಮ್ಮಲ್ಲೂ ನಡೆಯುವಂಥದ್ದೇ. ಬೆಂಗಳೂರಿನ ಶನಿವಾರ-ಭಾನುವಾರವನ್ನೇ ನಂಬಿ ನಿಂತ ಹೋಂಸ್ಟೇಗಳು ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಎಷ್ಟಿಲ್ಲ? 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿದಾಗ ಕಾಫಿ ತೋಟವನ್ನೂ ನೋಡಿಕೊಂಡಿದ್ದವರು ಹೇಗೋ ತಡೆದುಕೊಂಡರು. ಸಾಲ ಮಾಡಿ ಬರೀ ಕೋಣೆ ಕಟ್ಟಿದ್ದವರ ಪಾಡು ಕೇಳುವವರಿರಲಿಲ್ಲ. ಗೋಕರ್ಣದಲ್ಲಿ ರಜೆಯ ದಿನ ದೇವಸ್ಥಾನದ ಬೀದಿಯ ಅಜ್ಜಿಗೆ ಹೂವು ಮಾರಲು ಜಾಗವಿರುವುದಿಲ್ಲ.

ಇದೆಲ್ಲ ತಲೆಯಲ್ಲಿರುವಾಗಲೇ ನಮ್ಮ ಬಡಾವಣೆಯ ಕನ್ನಡ ಸಂಘದವರು ಈ ವರ್ಷ ಫುಕೆಟ್ ಪ್ರವಾಸ ಎಂದು ನಿರ್ಧರಿಸಿದರು. ಮೂವತ್ತೆಂಟು ಜನ. ನಾನು ಖಜಾಂಚಿ. ಏಜೆಂಟ್ ಕಳಿಸಿದ ಪಟ್ಟಿಯಲ್ಲಿ ಮೂರನೇ ದಿನ 'ಉಚಿತ ನಗರ ದರ್ಶನ' ಇತ್ತು. ಫೋನ್ ಮಾಡಿ ಕೇಳಿದೆ, 'ಗೇರುಬೀಜದ ಕಾರ್ಖಾನೆ ಇದೆಯಾ?' ಆತ ನಕ್ಕು, 'ಇದೆ ಸರ್, ಹರಳಿನ ಮಳಿಗೆಯೂ ಇದೆ' ಎಂದ. ಎರಡನ್ನೂ ತೆಗೆದು, ಊರಿನವರೇ ನಡೆಸುವ ಸಣ್ಣ ಹೋಟೆಲು, ಪರವಾನಗಿ ಇರುವ ಸ್ಥಳೀಯ ಗೈಡು, ಒಳ್ಳೆಯ ಲೈಫ್ ಜಾಕೆಟ್ ಇರುವ ದೋಣಿ ಹಾಕಿ ದರ ಕೊಡಿ ಎಂದೆ. ತಲೆಗೆ ಆರು ಸಾವಿರ ರೂಪಾಯಿ ಹೆಚ್ಚಾಯಿತು. ಸೊನ್ನೆಯ ನಿಜವಾದ ಬೆಲೆ ನನಗೆ ಅಂಕಿಯಲ್ಲಿ ಸಿಕ್ಕಿದ್ದು ಆಗಲೇ.

ಸಮಿತಿ ಸಭೆಯಲ್ಲಿ ಗದ್ದಲವಾಯಿತು. 'ಅಂಗಡಿಯಲ್ಲಿ ಕೊಳ್ಳದಿದ್ದರಾಯಿತಲ್ಲ, ಸುಮ್ಮನೆ ಯಾಕೆ ದುಡ್ಡು ಹೆಚ್ಚು ಕೊಡುವುದು?' ಎಂದು ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಾನು ಮಾವನ ಕತೆ ಹೇಳಿದೆ, ದೋಣಿಯ ಕತೆ ಹೇಳಿದೆ. ಕೊನೆಗೆ ಒಂದು ರಾತ್ರಿ ಕಡಿಮೆ ಮಾಡಿ ಖರ್ಚು ಸರಿದೂಗಿಸುವುದು ಎಂದಾಯಿತು. ಏಳು ಜನ ಹೆಸರು ಹಿಂತೆಗೆದುಕೊಂಡರು. ಅವರಲ್ಲೊಬ್ಬರು ನನ್ನ ಷಡ್ಡಕನೇ.

ಪಾ ಅವರ ಪ್ರಶ್ನೆಗೆ ನನ್ನಲ್ಲಿ ಈಗಲೂ ಪ್ರಾಮಾಣಿಕವಾದ ಉತ್ತರವಿಲ್ಲ. ನಾವು ಬರುತ್ತಲೇ ಇರುತ್ತೇವೆಂದು ಹೇಳಲು ನಾನ್ಯಾರು? ರೂಪಾಯಿ ಕುಸಿದರೆ, ವಿಯೆಟ್ನಾಂ ಅಗ್ಗವಾದರೆ, ಒಂದು ವಿಡಿಯೊ ಹರಿದಾಡಿದರೆ ನಾವೂ ಬೇರೆ ದಾರಿ ಹಿಡಿಯುತ್ತೇವೆ. ಅವರ ಕಟ್ಟೆಯ ಫೋಟೊ ನನ್ನ ಫೋನಿನಲ್ಲಿದೆ. ನಮ್ಮ ಫ್ಲೆಕ್ಸಿನಡಿ ಇಣುಕುವ ಕೆಂಪು ಅಕ್ಷರಗಳು ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಮುಂದಿನ ತಿಂಗಳು ಮೂವತ್ತೊಂದು ಜನ ಹೊರಟಿದ್ದೇವೆ. ಮೂರನೇ ದಿನ ಬಿಡುವಿದೆ. ಬಟ್ಟೆ ಒಗೆಸಲು ಅಲ್ಲಿಗೇ ಕೊಡಿ, ಎಳನೀರು ಅಲ್ಲೇ ಕುಡಿಯಿರಿ ಎಂದು ಎಲ್ಲರಿಗೂ ಹೇಳಿದ್ದೇನೆ.